ಅರ್ಜಿಯ ಹಕ್ಕಿಗಾಗಿ ಹೋರಾಡಿದ ಮಾಜಿ ಅಧ್ಯಕ್ಷ: ಜಾನ್ ಕ್ವಿನ್ಸಿ ಆಡಮ್ಸ್

ಅರ್ಜಿ ಎಂದರೆ ಏನೆಂದು ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಸ್ತೆ ಬೇಕಾದರೂ, ಕುಡಿಯುವ ನೀರು ಬೇಕಾದರೂ, ಶಾಲೆಗೊಂದು ಕೊಠಡಿ ಬೇಕಾದರೂ ಮೊದಲು ಅರ್ಜಿ ಬರೆದು, ಊರಿನವರ ಸಹಿ ಹಾಕಿಸಿ ಮೇಲಿನವರಿಗೆ ಕೊಡುತ್ತೇವೆ. ಕೇಳಿದ್ದು ಸಿಗಬಹುದು, ಸಿಗದೆಯೂ ಹೋಗಬಹುದು. ಆದರೆ ಒಂದು ವಿಷಯದ ಮೇಲೆ ಬಂದ ಅರ್ಜಿಗಳನ್ನು ಓದುವುದೇ ಇಲ್ಲ, ಚರ್ಚಿಸುವುದೂ ಇಲ್ಲ ಎಂದು ದೇಶದ ಸಂಸತ್ತೇ ನಿಯಮ ಮಾಡಿಬಿಟ್ಟರೆ ಜನರು ಎಲ್ಲಿಗೆ ಹೋಗಬೇಕು?

ಅಂಥ ನಿಯಮವೊಂದು ಅಮೆರಿಕದ ಪ್ರತಿನಿಧಿ ಸಭೆಯಲ್ಲಿ 1836ರಿಂದ 1844ರವರೆಗೆ ಜಾರಿಯಲ್ಲಿತ್ತು. ಅದನ್ನು ಕಿತ್ತುಹಾಕುವವರೆಗೆ ಬಿಡದೆ ಹೋರಾಡಿದವರು ಒಬ್ಬ ಮುದುಕರು. ಅವರು ಹಿಂದೆ ಅದೇ ದೇಶದ ಅಧ್ಯಕ್ಷರಾಗಿದ್ದವರು. ಅಧ್ಯಕ್ಷ ಪದವಿಯಿಂದ ಇಳಿದ ಮೇಲೆ ಸಾಮಾನ್ಯ ಸದಸ್ಯರಾಗಿ ಸಭೆಗೆ ಮರಳಿ, ಅಧ್ಯಕ್ಷರಾಗಿ ಮಾಡಲಾಗದ ಕೆಲಸವನ್ನು ಅಲ್ಲಿ ಮಾಡಿದವರು. ಅವರೇ ಅಮೆರಿಕ ಸಂಯುಕ್ತ ಸಂಸ್ಥಾನಗಳ ಆರನೆಯ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್.

ಬಾಲ್ಯ ಮತ್ತು ವಿದ್ಯಾಭ್ಯಾಸ

ಜಾನ್ ಕ್ವಿನ್ಸಿ ಆಡಮ್ಸ್ ಹುಟ್ಟಿದ್ದು 1767ರ ಜುಲೈ 11ರಂದು, ಮ್ಯಾಸಚೂಸೆಟ್ಸ್ ಪ್ರಾಂತದ ಬ್ರೇನ್‌ಟ್ರೀ ಎಂಬ ಊರಿನಲ್ಲಿ. ಅವರ ಮನೆಯಿದ್ದ ಭಾಗಕ್ಕೆ ಮುಂದೆ ಕ್ವಿನ್ಸಿ ಎಂದೇ ಹೆಸರಾಯಿತು. ಆಗ ಅಮೆರಿಕ ಇನ್ನೂ ಬ್ರಿಟಿಷರ ವಸಾಹತು. ತಂದೆ ಜಾನ್ ಆಡಮ್ಸ್ ವಕೀಲರು. ಸ್ವಾತಂತ್ರ್ಯ ಚಳವಳಿಯ ಮುಂದಾಳುಗಳಲ್ಲಿ ಒಬ್ಬರಾಗಿ, ಮುಂದೆ ದೇಶದ ಎರಡನೆಯ ಅಧ್ಯಕ್ಷರಾದವರು. ತಾಯಿ ಅಬಿಗೇಲ್ ಶಾಲೆಗೆ ಹೋಗಿ ಕಲಿತವರಲ್ಲ. ಮನೆಯಲ್ಲೇ ಓದಿ ಕಲಿತು, ಮಕ್ಕಳಿಗೂ ಕಲಿಸಿದ ವಿವೇಕಿ.

1775ರ ಜೂನ್ 17ರಂದು ಬಾಸ್ಟನ್ ಬಳಿ ಬಂಕರ್ ಹಿಲ್ ಕದನ ನಡೆಯಿತು. ತಂದೆ ಆಗ ಫಿಲಡೆಲ್ಫಿಯದ ಕಾಂಗ್ರೆಸ್ಸಿನಲ್ಲಿದ್ದರು. ಏಳು ವರ್ಷದ ಬಾಲಕ ತಾಯಿಯ ಕೈ ಹಿಡಿದು ಮನೆಯ ಹತ್ತಿರದ ಪೆನ್ಸ್ ಹಿಲ್ ಎಂಬ ಗುಡ್ಡ ಹತ್ತಿದ. ಫಿರಂಗಿಗಳ ಸದ್ದು ಕೇಳುತ್ತಿತ್ತು. ದೂರದಲ್ಲಿ ಚಾರ್ಲ್ಸ್‌ಟೌನ್ ಪಟ್ಟಣ ಹೊತ್ತಿ ಉರಿಯುತ್ತಿತ್ತು. ಆ ದಿನ ಮಡಿದವರಲ್ಲಿ ಅವರ ಮನೆಯ ವೈದ್ಯ ಜೋಸೆಫ್ ವಾರನ್ ಕೂಡ ಇದ್ದರು. ಬಾಲಕನ ಬೆರಳು ಮುರಿದಾಗ ಅದನ್ನು ಕತ್ತರಿಸದೆ ಉಳಿಸಿಕೊಟ್ಟವರು ಅವರೇ. ಆ ದಿನದ ಬೆಂಕಿಯನ್ನೂ ತಾಯಿಯ ಕಣ್ಣೀರನ್ನೂ ಆಡಮ್ಸ್ ಮುಪ್ಪಿನವರೆಗೂ ನೆನೆಯುತ್ತಿದ್ದರು.

1778ರಲ್ಲಿ ತಂದೆ ರಾಯಭಾರ ಕಾರ್ಯಕ್ಕೆ ಫ್ರಾನ್ಸಿಗೆ ಹೊರಟಾಗ ಹತ್ತು ವರ್ಷದ ಮಗನೂ ಜೊತೆಗೆ ಹೋದ. ಯುದ್ಧಕಾಲದ ಆ ಸಮುದ್ರಯಾನದಲ್ಲಿ ಬಿರುಗಾಳಿಯ ಭಯವೂ ಇತ್ತು, ಶತ್ರು ಹಡಗುಗಳ ಭಯವೂ ಇತ್ತು. ಮರುವರ್ಷ ಎರಡನೆಯ ಬಾರಿ ಹೊರಟಾಗ ಹಡಗಿಗೆ ನೀರು ನುಗ್ಗತೊಡಗಿ, ಅದು ಹೇಗೋ ಸ್ಪೇನಿನ ಫೆರೋಲ್ ಬಂದರನ್ನು ಸೇರಿತು. ಅಲ್ಲಿಂದ ಚಳಿಗಾಲದಲ್ಲಿ ಬೆಟ್ಟಗಳನ್ನು ದಾಟಿ ಪ್ಯಾರಿಸ್ ಮುಟ್ಟಬೇಕಾಯಿತು. ಆ ಪ್ರಯಾಣ ಹೊರಟ 1779ರ ನವೆಂಬರ್ ತಿಂಗಳಲ್ಲಿ ಹುಡುಗ ದಿನಚರಿ ಬರೆಯಲು ಶುರುಮಾಡಿದ. ಹನ್ನೆರಡನೆಯ ವಯಸ್ಸಿನಲ್ಲಿ ಹಿಡಿದ ಆ ಅಭ್ಯಾಸ ಎಂಬತ್ತನೆಯ ವಯಸ್ಸಿನವರೆಗೂ ನಡೆಯಿತು. ಸುಮಾರು ಐವತ್ತು ಸಂಪುಟಗಳಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಪುಟಗಳಿರುವ ಆ ದಿನಚರಿ ಇಂದು ಇತಿಹಾಸಕಾರರಿಗೆ ದೊಡ್ಡ ಭಂಡಾರ.

ಹಾಲೆಂಡಿನ ಲೈಡನ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ, 1781ರಲ್ಲಿ, ಅಮೆರಿಕದ ಪ್ರತಿನಿಧಿಯಾಗಿ ರಷ್ಯಕ್ಕೆ ಹೊರಟಿದ್ದ ಫ್ರಾನ್ಸಿಸ್ ಡೇನ ಅವರಿಗೆ ಫ್ರೆಂಚ್ ಬಲ್ಲ ಸಹಾಯಕ ಬೇಕಾಗಿತ್ತು. ಹದಿನಾಲ್ಕು ವರ್ಷದ ಜಾನ್ ಕ್ವಿನ್ಸಿ ದುಭಾಷಿಯಾಗಿ, ಕಾರ್ಯದರ್ಶಿಯಾಗಿ ಸೇಂಟ್ ಪೀಟರ್ಸ್‌ಬರ್ಗಿಗೆ ಹೋದ. ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯ ವಯಸ್ಸು ಅದು. 1785ರಲ್ಲಿ ತಂದೆ ಲಂಡನ್ನಿಗೆ ರಾಯಭಾರಿಯಾದಾಗ, ಯೂರೋಪಿನಲ್ಲೇ ಸುಖವಾಗಿ ಉಳಿಯಬಹುದಾಗಿತ್ತು. ಆದರೆ ತನ್ನ ದೇಶದಲ್ಲಿ ಬಾಳಬೇಕಾದವನು ತನ್ನ ದೇಶದಲ್ಲೇ ಓದಬೇಕೆಂದು ಯುವಕ ತಾಯ್ನಾಡಿಗೆ ಮರಳಿ ಹಾರ್ವರ್ಡ್ ಕಾಲೇಜು ಸೇರಿ, 1787ರಲ್ಲಿ ಪದವಿ ಪಡೆದ. ಅನಂತರ ಕಾನೂನು ಕಲಿತು ಬಾಸ್ಟನ್ನಿನಲ್ಲಿ ವಕೀಲಿ ಆರಂಭಿಸಿದ. ಕಕ್ಷಿಗಾರರು ಹೆಚ್ಚಾಗಿ ಬರಲಿಲ್ಲ. ಪತ್ರಿಕೆಗಳಿಗೆ ಬರೆದ ರಾಜಕೀಯ ಲೇಖನಗಳು ಮಾತ್ರ ಹೆಸರು ತಂದವು.

ದೇಶ ವಿದೇಶಗಳ ಸೇವೆ

ಆ ಲೇಖನಗಳನ್ನು ಮೆಚ್ಚಿದ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1794ರಲ್ಲಿ ಆಡಮ್ಸ್ ಅವರನ್ನು ಹಾಲೆಂಡಿಗೆ ರಾಯಭಾರಿಯಾಗಿ ನೇಮಿಸಿದರು. ಆಗ ಅವರಿಗೆ 26 ವರ್ಷ. 1797ರಲ್ಲಿ ಲಂಡನ್ನಿನಲ್ಲಿ ಲೂಯಿಸ ಕ್ಯಾಥರೀನ್ ಜಾನ್ಸನ್ ಅವರನ್ನು ಮದುವೆಯಾದರು. ಬಳಿಕ ಪ್ರಷ್ಯದಲ್ಲಿ ರಾಯಭಾರಿಯಾಗಿದ್ದು 1801ರಲ್ಲಿ ಊರಿಗೆ ಮರಳಿದರು.

1803ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆ ಅವರನ್ನು ಸೆನೆಟ್ಟಿಗೆ ಆರಿಸಿ ಕಳಿಸಿತು. ಅವರದು ಫೆಡರಲಿಸ್ಟ್ ಪಕ್ಷ. ಆದರೆ ಪಕ್ಷ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಸ್ವಭಾವ ಅವರದಲ್ಲ. ಎದುರು ಪಕ್ಷದ ಅಧ್ಯಕ್ಷ ಜೆಫರ್ಸನ್ ಲೂಯಿಸಿಯಾನ ಪ್ರದೇಶವನ್ನು ಕೊಂಡಾಗ ಅದು ದೇಶಕ್ಕೆ ಒಳ್ಳೆಯದೆಂದು ಬೆಂಬಲಿಸಿದರು. 1807ರಲ್ಲಿ ವಿದೇಶ ವ್ಯಾಪಾರಕ್ಕೆ ಜೆಫರ್ಸನ್ ತಂದ ನಿರ್ಬಂಧವನ್ನೂ ಬೆಂಬಲಿಸಿದರು. ಹಡಗು ವ್ಯಾಪಾರವನ್ನೇ ನಂಬಿದ್ದ ಅವರ ಸೀಮೆಯ ಜನ ಇದರಿಂದ ಸಿಟ್ಟಾದರು. ಅವಧಿ ಮುಗಿಯುವ ಮೊದಲೇ ಶಾಸನಸಭೆ ಅವರ ಸ್ಥಾನಕ್ಕೆ ಬೇರೊಬ್ಬರನ್ನು ಆರಿಸಿತು. ಆಡಮ್ಸ್ 1808ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಸರಿ ಕಂಡದ್ದನ್ನು ಮಾಡಿ, ಅದರ ಬೆಲೆಯನ್ನು ತಾವೇ ತೆರುವ ಗುಣ ಅಂದಿನಿಂದ ಕೊನೆಯವರೆಗೂ ಅವರಲ್ಲಿ ಕಾಣುತ್ತದೆ.

1809ರಲ್ಲಿ ಅಧ್ಯಕ್ಷ ಮ್ಯಾಡಿಸನ್ ಅವರನ್ನು ರಷ್ಯಕ್ಕೆ ಕಳಿಸಿದರು. 1812ರಲ್ಲಿ ನೆಪೋಲಿಯನ್ ರಷ್ಯದ ಮೇಲೆ ದಂಡೆತ್ತಿ ಬಂದು ಸೋತು ಹಿಂದಿರುಗಿದಾಗ ಆಡಮ್ಸ್ ಅಲ್ಲಿಯೇ ಇದ್ದರು. ಅದೇ ವರ್ಷ ಅವರ ಹಸುಗೂಸು ಮಗಳು ಆ ಪರದೇಶದಲ್ಲಿ ತೀರಿಕೊಂಡಳು. ಬ್ರಿಟನ್ನಿಗೂ ಅಮೆರಿಕಕ್ಕೂ ನಡೆಯುತ್ತಿದ್ದ ಯುದ್ಧವನ್ನು ನಿಲ್ಲಿಸಲು ಘೆಂಟ್ ನಗರದಲ್ಲಿ ಮಾತುಕತೆಯಾದಾಗ ಅಮೆರಿಕದ ನಿಯೋಗಕ್ಕೆ ಅವರೇ ಮುಖ್ಯಸ್ಥರು. 1814ರ ಡಿಸೆಂಬರ್ 24ರಂದು ಒಪ್ಪಂದಕ್ಕೆ ಸಹಿ ಬಿತ್ತು. ಅತ್ತ ಲೂಯಿಸ ಅವರು ಚಿಕ್ಕ ಮಗನನ್ನು ಕರೆದುಕೊಂಡು, ಚಳಿಗಾಲದಲ್ಲಿ, ಯುದ್ಧದಿಂದ ಹಾಳಾಗಿದ್ದ ಸೀಮೆಗಳನ್ನು ದಾಟಿ, ಗಾಡಿಯಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಿಂದ ಪ್ಯಾರಿಸ್ಸಿಗೆ ಬಂದು ಪತಿಯನ್ನು ಸೇರಿದರು. ಆಕೆಯ ಧೈರ್ಯವೂ ಸಾಮಾನ್ಯವಾದುದಲ್ಲ.

1817ರಿಂದ 1825ರವರೆಗೆ, ಮನ್ರೋ ಅಧ್ಯಕ್ಷರಾಗಿದ್ದಾಗ, ಆಡಮ್ಸ್ ನಮ್ಮ ವಿದೇಶಾಂಗ ಮಂತ್ರಿಗೆ ಸಮಾನವಾದ ಹುದ್ದೆಯಲ್ಲಿದ್ದರು. ಆ ಹುದ್ದೆಯಲ್ಲಿ ಅವರಷ್ಟು ಸಮರ್ಥರು ಕಡಿಮೆ ಎಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. ಕೆನಡದ ಜೊತೆಗಿನ ಗಡಿಯ ಬಹುಭಾಗವನ್ನು ಬ್ರಿಟನ್ನಿನೊಡನೆ ಮಾತಾಡಿ 1818ರಲ್ಲಿ ಗೊತ್ತುಮಾಡಿದರು. 1819ರ ಒಪ್ಪಂದದಿಂದ ಫ್ಲೋರಿಡ ಸ್ಪೇನಿನಿಂದ ಅಮೆರಿಕಕ್ಕೆ ಬಂತು. ಗಡಿರೇಖೆ ಶಾಂತಸಾಗರದವರೆಗೆ ಮುಟ್ಟಿತು. ಅಮೆರಿಕ ಖಂಡಗಳಲ್ಲಿ ಯೂರೋಪಿನ ರಾಜ್ಯಗಳು ಹೊಸದಾಗಿ ವಸಾಹತು ಕಟ್ಟಬಾರದೆಂದು 1823ರಲ್ಲಿ ಸಾರಿದ ಮನ್ರೋ ನೀತಿಗೆ ರೂಪ ಕೊಟ್ಟವರಲ್ಲಿ ಅವರೇ ಪ್ರಮುಖರು.

ಅಧ್ಯಕ್ಷ ಪದವಿ ಮತ್ತು ಸೋಲು

1824ರ ಅಧ್ಯಕ್ಷ ಚುನಾವಣೆಯಲ್ಲಿ ನಾಲ್ವರು ಸ್ಪರ್ಧಿಸಿದ್ದರು. ಯುದ್ಧವೀರರೆಂದು ಹೆಸರಾಗಿದ್ದ ಆಂಡ್ರೂ ಜಾಕ್ಸನ್ 99, ಆಡಮ್ಸ್ 84, ಕ್ರಾಫರ್ಡ್ 41, ಹೆನ್ರಿ ಕ್ಲೇ 37 ಚುನಾಯಕ ಮತಗಳನ್ನು ಪಡೆದರು. ಯಾರಿಗೂ ಬಹುಮತ ಬರಲಿಲ್ಲ. ಅಂಥ ಸಂದರ್ಭದಲ್ಲಿ ಮೊದಲ ಮೂವರಲ್ಲಿ ಒಬ್ಬರನ್ನು ಪ್ರತಿನಿಧಿ ಸಭೆ ಆರಿಸಬೇಕೆಂಬುದು ಅಲ್ಲಿನ ಸಂವಿಧಾನದ ನಿಯಮ. ಪ್ರತಿ ರಾಜ್ಯಕ್ಕೆ ಒಂದು ಮತ. ಸಭೆಯ ಸ್ಪೀಕರ್ ಆಗಿದ್ದ ಕ್ಲೇ ಅವರ ಬೆಂಬಲದಿಂದ 1825ರ ಫೆಬ್ರವರಿ 9ರಂದು ಆಡಮ್ಸ್ 13 ರಾಜ್ಯಗಳ ಮತ ಪಡೆದು ಗೆದ್ದರು. ಆಮೇಲೆ ಅದೇ ಕ್ಲೇ ಅವರನ್ನು ತಮ್ಮ ವಿದೇಶಾಂಗ ಕಾರ್ಯದರ್ಶಿಯಾಗಿ ನೇಮಿಸಿದರು. ಇದು ಒಳಒಪ್ಪಂದ, ಕುರ್ಚಿಯ ವ್ಯಾಪಾರ ಎಂದು ಜಾಕ್ಸನ್ ಕಡೆಯವರು ಕೂಗೆಬ್ಬಿಸಿದರು. ವ್ಯಾಪಾರ ನಡೆಯಿತೆಂಬುದಕ್ಕೆ ಪುರಾವೆ ಸಿಗಲಿಲ್ಲ. ಆದರೂ ಆ ಕಳಂಕ ನಾಲ್ಕು ವರ್ಷವೂ ತೊಳೆದುಹೋಗಲಿಲ್ಲ. ಜನರ ಅನುಮಾನ ಹೇಗೆ ಬೆಳೆಯುತ್ತದೆ ಎಂಬುದನ್ನು ಆಡಮ್ಸ್ ಸರಿಯಾಗಿ ಅಳೆಯಲಿಲ್ಲ. ಅದು ಅವರ ತಪ್ಪೇ.

ಅಧ್ಯಕ್ಷರಾಗಿ ಅವರಿಗೆ ದೊಡ್ಡ ಕನಸುಗಳಿದ್ದವು. ದೇಶಕ್ಕೊಂದು ರಾಷ್ಟ್ರೀಯ ವಿಶ್ವವಿದ್ಯಾನಿಲಯ ಬೇಕು, ರಸ್ತೆಗಳು ಕಾಲುವೆಗಳು ಬೇಕು, ನಕ್ಷತ್ರಗಳನ್ನು ನೋಡುವ ಖಗೋಳ ವೀಕ್ಷಣಾಲಯ ಬೇಕು ಎಂದು 1825ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿಗೆ ಸಂದೇಶ ಕಳಿಸಿದರು. ಯೂರೋಪಿನಲ್ಲಿ ನೂರ ಮೂವತ್ತಕ್ಕೂ ಹೆಚ್ಚು ವೀಕ್ಷಣಾಲಯಗಳಿರುವಾಗ ಅಮೆರಿಕದಲ್ಲಿ ಒಂದೂ ಇಲ್ಲವೆಂಬುದು ಅವರ ಕೊರಗು. ವಿರೋಧಿಗಳು ಇದನ್ನು ಹಿಡಿದು ವರ್ಷಗಟ್ಟಲೆ ಹಾಸ್ಯ ಮಾಡಿದರು. ಕಾಂಗ್ರೆಸ್ ಬಹುಪಾಲು ಯೋಜನೆಗಳಿಗೆ ಹಣ ಕೊಡಲಿಲ್ಲ. ಕೆಲವು ರಸ್ತೆ, ಕಾಲುವೆಗಳ ಕೆಲಸ ಮಾತ್ರ ಮುಂದುವರಿಯಿತು.

ಜಾರ್ಜಿಯದಲ್ಲಿದ್ದ ಕ್ರೀಕ್ ಎಂಬ ಮೂಲನಿವಾಸಿಗಳಿಂದ ಮೋಸದಿಂದ ಭೂಮಿ ಬರೆಸಿಕೊಂಡ ಒಪ್ಪಂದವನ್ನು ಅವರು ರದ್ದುಮಾಡಿಸಿ 1826ರಲ್ಲಿ ಬೇರೆ ಒಪ್ಪಂದ ಮಾಡಿಸಿದರು. ಆದರೆ ಜಾರ್ಜಿಯ ರಾಜ್ಯ ಎದುರು ನಿಂತಾಗ ಕೊನೆಗೆ ಹಿಂದೆ ಸರಿದರು. ಆ ಜನರ ಭೂಮಿ ಉಳಿಯಲಿಲ್ಲ. ವಿರೋಧಿಗಳೆಂಬ ಒಂದೇ ಕಾರಣಕ್ಕೆ ಅಧಿಕಾರಿಗಳನ್ನು ತೆಗೆಯಲು ಅವರು ಒಪ್ಪಲಿಲ್ಲ. ಇದು ಅವರ ನ್ಯಾಯನಿಷ್ಠೆ. ಆದರೆ ಜನರೊಡನೆ ನಕ್ಕು ಮಾತಾಡುವುದು, ಬೆಂಬಲಿಗರನ್ನು ಕೂಡಿಸಿಕೊಳ್ಳುವುದು ಅವರಿಗೆ ಬರುತ್ತಿರಲಿಲ್ಲ. ಬೆಳಗಿನ ಜಾವಕ್ಕೆ ಎದ್ದು ಓದುವುದು, ನಡೆಯುವುದು, ಬೇಸಿಗೆಯಲ್ಲಿ ಪೊಟೊಮ್ಯಾಕ್ ನದಿಯಲ್ಲಿ ಈಜುವುದು, ರಾತ್ರಿ ದಿನಚರಿ ಬರೆಯುವುದು: ಇದು ಅವರ ದಿನಕ್ರಮ.

1828ರ ಜುಲೈ 4ರಂದು ಕಾಲುವೆಯೊಂದರ ಆರಂಭಕ್ಕೆ ಅವರು ಸಲಿಕೆ ಹಾಕಿದಾಗ ನೆಲದೊಳಗೆ ಬೇರು ತಾಗಿತು. ಎರಡು ಮೂರು ಏಟಿಗೂ ಮಣ್ಣು ಏಳಲಿಲ್ಲ. ಅಧ್ಯಕ್ಷರು ಕೋಟು ಕಳಚಿ ಬದಿಗಿಟ್ಟು ಅಗೆದು ಮಣ್ಣೆತ್ತಿದರು. ನೆರೆದ ಜನ ಸಂತೋಷದಿಂದ ಕೂಗಿದರು. ಅಧ್ಯಕ್ಷರಾಗಿ ಜನರ ಮನಸ್ಸಿಗೆ ಅವರು ಹತ್ತಿರವಾದ ಕೆಲವೇ ಗಳಿಗೆಗಳಲ್ಲಿ ಅದೊಂದು.

ಆ ವರ್ಷದ ಕೊನೆಯ ಚುನಾವಣೆಯಲ್ಲಿ ಜಾಕ್ಸನ್ ಅವರಿಗೆ 178, ಆಡಮ್ಸ್ ಅವರಿಗೆ 83 ಚುನಾಯಕ ಮತಗಳು ಬಂದವು. ಸೋಲಿನ ನೋವಿನ ಮೇಲೆ ಇನ್ನೊಂದು ನೋವು ಬಂತು. 1829ರ ವಸಂತದಲ್ಲಿ ಹಿರಿಯ ಮಗ ಜಾರ್ಜ್, ಪ್ರಯಾಣ ಮಾಡುತ್ತಿದ್ದ ಉಗಿಹಡಗಿನಿಂದ ನೀರಿಗೆ ಬಿದ್ದು ತೀರಿಕೊಂಡ. ಅರವತ್ತೆರಡರ ಹತ್ತಿರದ ಆಡಮ್ಸ್ ತಮ್ಮ ಬದುಕು ಇಲ್ಲಿಗೆ ಮುಗಿಯಿತೆಂದುಕೊಂಡು ಊರಿಗೆ ಮರಳಿದರು.

ಮತ್ತೆ ಸಾಮಾನ್ಯ ಸದಸ್ಯರಾಗಿ

1830ರಲ್ಲಿ ಊರಿನ ಸೀಮೆಯವರು ಬಂದು ಪ್ರತಿನಿಧಿ ಸಭೆಗೆ ನಿಲ್ಲುವಿರಾ ಎಂದು ಕೇಳಿದರು. ಮಾಜಿ ಅಧ್ಯಕ್ಷರು ಸಾಮಾನ್ಯ ಸದಸ್ಯರಾಗುವುದು ಅವಮಾನವಲ್ಲವೆ ಎಂಬ ಮಾತು ಬಂದಾಗ, ಜನರು ಆರಿಸಿದರೆ ಊರಿನ ಪಂಚರಾಗಿ ಕೆಲಸ ಮಾಡುವುದೂ ಅವಮಾನವಲ್ಲ ಎಂಬರ್ಥದ ಉತ್ತರ ಕೊಟ್ಟರು. ಹೆಂಡತಿಗೂ ಮಗನಿಗೂ ಇದು ಇಷ್ಟವಿರಲಿಲ್ಲ. ಆದರೂ ನಿಂತರು; ಪ್ರಚಾರ ಮಾಡದೆ ದೊಡ್ಡ ಬಹುಮತದಿಂದ ಗೆದ್ದರು. ಅಧ್ಯಕ್ಷರಾದ ಮೇಲೆ ಪ್ರತಿನಿಧಿ ಸಭೆಯ ಸದಸ್ಯರಾದವರು ಇಂದಿನವರೆಗೂ ಅವರೊಬ್ಬರೇ.

1831ರ ಡಿಸೆಂಬರಿನಲ್ಲಿ ಸಭೆ ಸೇರಿದ ಕೆಲವೇ ದಿನಗಳಲ್ಲಿ ಅವರು ಪೆನ್ಸಿಲ್ವೇನಿಯದ ಜನರಿಂದ ಬಂದ 15 ಅರ್ಜಿಗಳನ್ನು ಮಂಡಿಸಿದರು. ರಾಜಧಾನಿ ವಾಷಿಂಗ್ಟನ್ ಜಿಲ್ಲೆಯಲ್ಲಿ ಗುಲಾಮಗಿರಿಯನ್ನು ತೆಗೆದುಹಾಕಬೇಕೆಂಬುದು ಆ ಅರ್ಜಿಗಳ ಬೇಡಿಕೆ. ದಕ್ಷಿಣದ ರಾಜ್ಯಗಳಲ್ಲಿ ಆಗ ಲಕ್ಷಾಂತರ ಆಫ್ರಿಕನ್ ಮೂಲದ ಜನ ಗುಲಾಮರಾಗಿದ್ದರು. ಅವರನ್ನು ದನಕರುಗಳಂತೆ ಕೊಳ್ಳುತ್ತಿದ್ದರು, ಮಾರುತ್ತಿದ್ದರು. ರಾಜ್ಯಗಳ ಒಳಗಿನ ಗುಲಾಮಗಿರಿ ಕಾಂಗ್ರೆಸ್ಸಿನ ಕೈಗೆ ಮೀರಿದ್ದೆಂದು ಆಗಿನ ತಿಳಿವಳಿಕೆ. ಆದರೆ ರಾಜಧಾನಿ ಜಿಲ್ಲೆ ನೇರವಾಗಿ ಕಾಂಗ್ರೆಸ್ಸಿನ ಆಡಳಿತದಲ್ಲಿತ್ತು. ಹೀಗಾಗಿ ಗುಲಾಮಗಿರಿಯ ವಿರೋಧಿಗಳು ಮೊದಲು ಅಲ್ಲಿಯ ಬಗ್ಗೆ ಅರ್ಜಿ ಬರೆದರು. ಸಹಿ ಹಾಕಿದವರಲ್ಲಿ ಹೆಂಗಸರು ಬಹಳ. ಅವರಿಗೆ ಆಗ ಮತದಾನದ ಹಕ್ಕಿರಲಿಲ್ಲ. ಮನೆಮನೆಗೆ ತಿರುಗಿ ಸಹಿ ಕೂಡಿಸಿದವರೂ ಅವರೇ. ವರ್ಷದಿಂದ ವರ್ಷಕ್ಕೆ ಅರ್ಜಿಗಳು ಸಾವಿರಗಟ್ಟಲೆ ಬರತೊಡಗಿದವು.

ಗುಲಾಮರ ಒಡೆಯರಿಗೆ ಇದು ಸಹಿಸಲಿಲ್ಲ. 1836ರ ಮೇ ತಿಂಗಳಲ್ಲಿ ಪ್ರತಿನಿಧಿ ಸಭೆ 117ಕ್ಕೆ 68 ಮತಗಳಿಂದ ಒಂದು ನಿರ್ಣಯ ಮಾಡಿತು. ಗುಲಾಮಗಿರಿಗೆ ಸಂಬಂಧಿಸಿದ ಯಾವ ಅರ್ಜಿಯನ್ನೂ ಮುದ್ರಿಸದೆ, ಸಮಿತಿಗೂ ಕಳಿಸದೆ, ಚರ್ಚೆಯಿಲ್ಲದೆ ಬದಿಗಿಡಬೇಕು. ಜನ ಇದನ್ನು ಬಾಯಿಗೆ ಬಟ್ಟೆ ತುರುಕುವ ನಿಯಮವೆಂದು ಕರೆದರು. ಅರ್ಜಿ ಸಲ್ಲಿಸುವ ಹಕ್ಕನ್ನು ಸಂವಿಧಾನದ ಮೊದಲ ತಿದ್ದುಪಡಿಯೇ ಜನರಿಗೆ ಕೊಟ್ಟಿದೆ. ಈ ನಿರ್ಣಯ ಸಂವಿಧಾನಕ್ಕೆ ವಿರುದ್ಧ ಎಂದು ಆಡಮ್ಸ್ ಎದ್ದುನಿಂತು ಹೇಳಿದರು. ಅವರ ಮಾತು ಗದ್ದಲದಲ್ಲಿ ಮುಳುಗಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಆಡಮ್ಸ್ ಅವರೂ ಅವರ ತಂದೆಯೂ ಎಂದೂ ಗುಲಾಮರನ್ನು ಇಟ್ಟುಕೊಂಡವರಲ್ಲ. ಗುಲಾಮಗಿರಿ ಪಾಪವೆಂದು ಅವರು ತಮ್ಮ ದಿನಚರಿಯಲ್ಲಿ ಬಹಳ ಹಿಂದೆಯೇ ಬರೆದುಕೊಂಡಿದ್ದರು. ಆದರೆ ವಿದೇಶಾಂಗ ಕಾರ್ಯದರ್ಶಿಯಾಗಿ, ಅಧ್ಯಕ್ಷರಾಗಿ ಇದ್ದಾಗ ಆ ಪಾಪದ ವಿರುದ್ಧ ಬಹಿರಂಗವಾಗಿ ಹೋರಾಡಲಿಲ್ಲ. ಗುಲಾಮಗಿರಿ ವಿರೋಧಿ ಸಂಘಗಳಿಗೂ ಅವರು ಸೇರಿದವರಲ್ಲ. ರಾಜಧಾನಿಯಲ್ಲಿ ಅದನ್ನು ಕೂಡಲೇ ತೆಗೆಯಬೇಕೆಂಬ ಬೇಡಿಕೆಗೆ ಮೊದಲು ಅವರ ಒಪ್ಪಿಗೆಯೂ ಇರಲಿಲ್ಲ. ಅವರ ವಾದ ಇಷ್ಟೇ: ಬೇಡಿಕೆಯನ್ನು ಒಪ್ಪಿ, ಬಿಡಿ, ಆದರೆ ಕೇಳಿಕೊಳ್ಳುವ ಹಕ್ಕನ್ನು ಕಸಿಯಬೇಡಿ. ಆ ವಾದದ ಬೆನ್ನು ಹತ್ತಿ ಹೋದಂತೆ ಗುಲಾಮಗಿರಿಯ ನಿಜರೂಪ ಅವರಿಗೆ ಇನ್ನಷ್ಟು ಹತ್ತಿರದಿಂದ ಕಂಡಿತು.

1837ರ ಫೆಬ್ರವರಿಯಲ್ಲಿ ಒಂದು ದಿನ ಅವರು ಎದ್ದು, ಗುಲಾಮರೇ ಬರೆದದ್ದೆನ್ನಲಾದ ಅರ್ಜಿಯೊಂದು ತಮ್ಮ ಬಳಿ ಇದೆ, ಇದನ್ನು ಏನು ಮಾಡಬೇಕೆಂದು ಸ್ಪೀಕರರನ್ನು ಕೇಳಿದರು. ಸಭೆಯಲ್ಲಿ ಕೋಲಾಹಲವೆದ್ದಿತು. ಅವರನ್ನು ಖಂಡಿಸಬೇಕು, ಹೊರಗೆ ಹಾಕಬೇಕು ಎಂದು ಕೂಗಾಟವಾಯಿತು. ಎಲ್ಲರೂ ಕೂಗಿ ದಣಿದ ಮೇಲೆ ಆಡಮ್ಸ್ ಮೆಲ್ಲಗೆ, ಆ ಅರ್ಜಿ ಗುಲಾಮಗಿರಿಯ ವಿರುದ್ಧವಾಗಿಲ್ಲ, ಅದರ ಪರವಾಗಿದೆ ಎಂದು ತಿಳಿಸಿದರು. ವಿರೋಧಿಗಳು ಪೆಚ್ಚಾದರು. ಆದರೆ ಅವರು ಎತ್ತಿದ ಪ್ರಶ್ನೆ ಹಾಸ್ಯದ್ದಾಗಿರಲಿಲ್ಲ. ದೇವರ ಮುಂದೆ ಬೇಡಿಕೊಳ್ಳುವ ಹಕ್ಕು ಎಷ್ಟು ಕೀಳಾದವನಿಗೂ ಇರುವಾಗ, ಆಳುವವರ ಮುಂದೆ ಬೇಡಿಕೊಳ್ಳುವ ಹಕ್ಕನ್ನು ಯಾರಿಗೂ ನಿರಾಕರಿಸಲಾಗದು ಎಂಬುದು ಅವರ ನಿಲುವು. ಮರುವರ್ಷ, ಹೆಂಗಸರು ಅರ್ಜಿಗೆ ಸಹಿ ಹಾಕುವುದು ನಾಚಿಕೆಗೇಡೆಂದು ಒಬ್ಬ ಸದಸ್ಯರು ಆಡಿದಾಗ, ಚರಿತ್ರೆಯಲ್ಲಿ ದೇಶಕ್ಕಾಗಿ ನಿಂತ ಹೆಂಗಸರ ಉದಾಹರಣೆಗಳನ್ನು ಕೊಟ್ಟು ಬಹಳ ದಿನಗಳ ಭಾಷಣದಲ್ಲಿ ಅವರನ್ನು ಸಮರ್ಥಿಸಿದರು.

ಆಮಿಸ್ಟಾಡ್ ಮೊಕದ್ದಮೆ

1839ರಲ್ಲಿ ಆಫ್ರಿಕದ ಮೆಂಡೆ ನಾಡಿನ ಜನರನ್ನು ಕಾನೂನಿಗೆ ವಿರುದ್ಧವಾಗಿ ಹಿಡಿದು ಕ್ಯೂಬಕ್ಕೆ ತಂದು ಮಾರಿದ್ದರು. ಅವರಲ್ಲಿ 53 ಮಂದಿಯನ್ನು ಆಮಿಸ್ಟಾಡ್ ಎಂಬ ಹಡಗಿನಲ್ಲಿ ಬೇರೆ ಊರಿಗೆ ಸಾಗಿಸುತ್ತಿದ್ದಾಗ, ಸೆಂಗ್ಬೆ ಎಂಬುವನ ಮುಂದಾಳತ್ವದಲ್ಲಿ ಅವರು ದಂಗೆಯೆದ್ದು ಹಡಗನ್ನು ವಶಪಡಿಸಿಕೊಂಡರು. ಪೂರ್ವಕ್ಕೆ, ತಮ್ಮ ನಾಡಿನ ಕಡೆಗೆ ನಡೆಸಬೇಕೆಂದು ಉಳಿಸಿಕೊಂಡಿದ್ದ ಸ್ಪೇನಿನವರಿಗೆ ಹೇಳಿದರು. ಅವರು ಹಗಲು ಪೂರ್ವಕ್ಕೂ ರಾತ್ರಿ ಉತ್ತರಕ್ಕೂ ನಡೆಸಿ ಮೋಸಮಾಡಿದರು. ಹಡಗು ಅಮೆರಿಕದ ಕರಾವಳಿ ಸೇರಿ ನೌಕಾದಳದ ಕೈಗೆ ಸಿಕ್ಕಿತು. ಅವರೆಲ್ಲ ಕನೆಕ್ಟಿಕಟ್ಟಿನ ಸೆರೆಮನೆ ಸೇರಿದರು.

ಅವರ ಭಾಷೆ ಯಾರಿಗೂ ತಿಳಿಯದು. ಆಗ ಜೋಸಯ್ಯ ಗಿಬ್ಸ್ ಎಂಬ ಪ್ರಾಧ್ಯಾಪಕರು ಒಂದರಿಂದ ಹತ್ತರವರೆಗಿನ ಅಂಕಿಗಳನ್ನು ಅವರ ಬಾಯಿಂದ ಕಲಿತು, ನ್ಯೂಯಾರ್ಕಿನ ಹಡಗುಕಟ್ಟೆಗಳಲ್ಲಿ ಅವನ್ನೇ ಗಟ್ಟಿಯಾಗಿ ಹೇಳುತ್ತಾ ತಿರುಗಿದರು. ಅದನ್ನು ಗುರುತಿಸಿದ ನಾವಿಕನೊಬ್ಬ ಸಿಕ್ಕಿದ. ಅವನ ಮೂಲಕ ಆ ಜನರ ಕಥೆ ನ್ಯಾಯಾಲಯಕ್ಕೆ ತಿಳಿಯಿತು. ಕೆಳಗಿನ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟರೂ ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿತು.

ಆಡಮ್ಸ್ ಆ ನ್ಯಾಯಾಲಯದಲ್ಲಿ ವಾದಿಸಿ ಮೂವತ್ತು ವರ್ಷ ಮೇಲಾಗಿತ್ತು. ಕಣ್ಣು ಮಂಜು, ಕೈ ನಡುಕ. ತಾನು ಎಡವಿದರೆ ಇಷ್ಟು ಜೀವಗಳು ಹೋಗುತ್ತವಲ್ಲ ಎಂಬ ಚಿಂತೆ ಅವರನ್ನು ರಾತ್ರಿ ನಿದ್ದೆಗೆ ಬಿಡಲಿಲ್ಲ. ಸೆರೆಯಲ್ಲಿ ಇಂಗ್ಲಿಷ್ ಕಲಿತಿದ್ದ ಕಾಲೆ ಎಂಬ ಹುಡುಗ, ತಮ್ಮನ್ನು ಬಿಡಿಸಬೇಕೆಂದು ಕೇಳಿಕೊಂಡು ಅವರಿಗೆ ಪತ್ರ ಬರೆದ. ಅದೂ ಒಂದು ಅರ್ಜಿಯೇ. 1841ರ ಫೆಬ್ರವರಿ 24 ಮತ್ತು ಮಾರ್ಚ್ 1ರಂದು, 73ನೆಯ ವಯಸ್ಸಿನಲ್ಲಿ, ಎರಡು ದಿನ ಸೇರಿ ಎಂಟು ಗಂಟೆಗೂ ಹೆಚ್ಚು ಕಾಲ ಅವರು ವಾದಿಸಿದರು. ಒಂಬತ್ತು ನ್ಯಾಯಾಧೀಶರಲ್ಲಿ ಐವರು ದಕ್ಷಿಣದವರು. ಆದರೂ ಮಾರ್ಚ್ 9ರಂದು ಆ ಜನರೆಲ್ಲ ಸ್ವತಂತ್ರರೆಂದು ತೀರ್ಪು ಬಂತು. ಆಡಮ್ಸ್ ಶುಲ್ಕ ಪಡೆಯಲಿಲ್ಲ. ಬದುಕಿ ಉಳಿದಿದ್ದ ಮೂವತ್ತೈದು ಮಂದಿ ಅದೇ ವರ್ಷದ ಕೊನೆಯಲ್ಲಿ ಆಫ್ರಿಕಕ್ಕೆ ಹಡಗು ಹತ್ತಿದರು.

ಬಾಯಿಕಟ್ಟಿನ ಕೊನೆ

ಪ್ರತಿನಿಧಿ ಸಭೆಯಲ್ಲಿ ಬಾಯಿಕಟ್ಟಿನ ನಿಯಮ ಇನ್ನೂ ಇತ್ತು. ಪ್ರತಿ ಅಧಿವೇಶನದಲ್ಲೂ ಹೊಸದಾಗಿ ಮಾಡುತ್ತಿದ್ದ ಅದನ್ನು 1840ರಲ್ಲಿ ಶಾಶ್ವತ ನಿಯಮವಾಗಿ ಮಾಡಿದರು. ಆದರೆ ಆಗಿನ ಅಂತರ 114ಕ್ಕೆ 108, ಆರೇ ಮತ. ಆಡಮ್ಸ್ ತಮ್ಮ ಕೆಲಸ ಬಿಡಲಿಲ್ಲ. ಬಂದ ಅರ್ಜಿಗಳನ್ನು ಒಂದೊಂದಾಗಿ ತಂದು ಮಂಡಿಸುತ್ತಲೇ ಹೋದರು. ತಡೆದು ಕೂರಿಸಿದರೆ ಇನ್ನೊಂದು ದಾರಿಯಿಂದ ಏಳುತ್ತಿದ್ದರು. ಕೊಲ್ಲುವುದಾಗಿ ಬೆದರಿಕೆಯ ಪತ್ರಗಳು ಬಂದವು. ಅವನ್ನೂ ಓದಿ ಎತ್ತಿಟ್ಟರು.

1842ರ ಜನವರಿಯಲ್ಲಿ ಮ್ಯಾಸಚೂಸೆಟ್ಸಿನ ಹೇವರ್‌ಹಿಲ್ ಊರಿನ 46 ಜನರ ಅರ್ಜಿ ಬಂತು. ಗುಲಾಮಗಿರಿಯ ರಾಜ್ಯಗಳೊಡನೆ ಇರುವುದಕ್ಕಿಂತ ಒಕ್ಕೂಟವನ್ನೇ ಮುರಿಯಿರಿ ಎಂದು ಅವರು ಕೇಳಿದ್ದರು. ಆಡಮ್ಸ್ ಅವರಿಗೆ ಈ ಬೇಡಿಕೆ ಒಪ್ಪಿಗೆಯಿರಲಿಲ್ಲ. ಏಕೆ ಒಪ್ಪಲಾಗದೆಂದು ಸಮಿತಿಯೊಂದು ಉತ್ತರ ಬರೆದು ಕೊಡಲಿ ಎಂದೇ ಅವರು ಸೂಚಿಸಿದರು. ಆದರೆ ತಮಗೆ ಒಪ್ಪಿಗೆಯಿಲ್ಲದ ಅರ್ಜಿಯನ್ನೂ ಅವರು ಮುಚ್ಚಿಡಲಿಲ್ಲ. ವಿರೋಧಿಗಳು ಇದೇ ಸಮಯವೆಂದು ದೇಶದ್ರೋಹದ ಮಾತೆತ್ತಿ ಖಂಡನಾ ನಿರ್ಣಯ ತಂದರು. 74ರ ವೃದ್ಧರು ಸುಮಾರು ಎರಡು ವಾರ ತಮ್ಮ ಪರವಾಗಿ ತಾವೇ ವಾದಿಸಿದರು. ಬಾಯಿ ಮುಚ್ಚಿಸಲು ಹೊರಟವರೇ ಅವರಿಗೆ ಮಾತಾಡಲು ಅವಕಾಶ ಮಾಡಿಕೊಟ್ಟಂತಾಯಿತು. ಅಷ್ಟು ದಿನ ಸಭೆಯಲ್ಲಿ ಚರ್ಚೆಯಾದದ್ದು ಗುಲಾಮಗಿರಿಯೇ. ಫೆಬ್ರವರಿ 7ರಂದು 106ಕ್ಕೆ 93 ಮತಗಳಿಂದ ಆ ನಿರ್ಣಯವನ್ನು ಸಭೆ ಕೈಬಿಟ್ಟಿತು. ಅಂದೇ ಆಡಮ್ಸ್ ಬಾಕಿಯಿದ್ದ ಅರ್ಜಿಗಳ ಕಟ್ಟು ಬಿಚ್ಚಿ ಮಂಡಿಸತೊಡಗಿದರು.

1844ರ ಡಿಸೆಂಬರ್ 3ರಂದು ಅವರೇ ತಂದ ನಿರ್ಣಯದ ಮೇಲೆ, 108ಕ್ಕೆ 80 ಮತಗಳಿಂದ, ಆ ನಿಯಮ ರದ್ದಾಯಿತು. ಆ ರಾತ್ರಿ ಅವರು ದಿನಚರಿಯಲ್ಲಿ ದೇವರಿಗೆ ಕೃತಜ್ಞತೆ ಬರೆದು ಮಲಗಿದರು.

ಹಿಂದೆ ಜನ ನಕ್ಕಿದ್ದ ಇನ್ನೊಂದು ಕನಸೂ ಕೈಗೂಡಿತು. 1843ರ ನವೆಂಬರಿನಲ್ಲಿ ಸಿನ್ಸಿನಾಟಿ ನಗರದ ಜನ ವಂತಿಗೆ ಎತ್ತಿ ಕಟ್ಟುತ್ತಿದ್ದ ಖಗೋಳ ವೀಕ್ಷಣಾಲಯಕ್ಕೆ ಶಂಕುಸ್ಥಾಪನೆ ಮಾಡಲು ಅವರನ್ನು ಕರೆದರು. 76ರ ವಯಸ್ಸಿನಲ್ಲಿ, ಚಳಿಯಲ್ಲಿ, ರೈಲು, ದೋಣಿ, ಕುದುರೆಗಾಡಿಗಳಲ್ಲಿ ದೂರದ ಪ್ರಯಾಣ ಮಾಡಿ ಅವರು ಆ ಕಲ್ಲನ್ನಿಟ್ಟರು. ಜ್ಞಾನಪ್ರಸಾರಕ್ಕೆಂದು ಜೇಮ್ಸ್ ಸ್ಮಿತ್ಸನ್ ಎಂಬ ಇಂಗ್ಲಿಷ್ ವಿಜ್ಞಾನಿ ಅಮೆರಿಕಕ್ಕೆ ಬರೆದಿಟ್ಟಿದ್ದ ಐದು ಲಕ್ಷ ಡಾಲರಿಗೂ ಮೀರಿದ ಹಣವನ್ನು ಬೇರೆ ಖರ್ಚಿಗೆ ಹೋಗದಂತೆ ವರ್ಷಗಟ್ಟಲೆ ಕಾಯ್ದವರೂ ಅವರೇ. ಅದರಿಂದ 1846ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆ ಹುಟ್ಟಿತು. ಇಂದು ಅದರ ವಸ್ತುಸಂಗ್ರಹಾಲಯಗಳು ಜಗತ್ಪ್ರಸಿದ್ಧ.

ಕೊನೆಯ ದಿನಗಳು

1846ರ ಕೊನೆಯಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಚೇತರಿಸಿಕೊಂಡು ಮರುವರ್ಷ ಫೆಬ್ರವರಿಯಲ್ಲಿ ಸಭೆಗೆ ಬಂದಾಗ, ಅವರನ್ನು ಖಂಡಿಸಲು ಹೊರಟಿದ್ದವರೂ ಸೇರಿ ಸದಸ್ಯರು ಎದ್ದುನಿಂತು ಗೌರವಿಸಿದರು. ಮೆಕ್ಸಿಕೋ ಮೇಲಿನ ಯುದ್ಧ ಗುಲಾಮಗಿರಿಯನ್ನು ಹರಡುವ ಯುದ್ಧವೆಂದು ಅವರು ಮೊದಲಿನಿಂದಲೂ ವಿರೋಧಿಸಿದ್ದರು. 1848ರ ಫೆಬ್ರವರಿ 21ರಂದು ಆ ಯುದ್ಧದ ದಂಡನಾಯಕರನ್ನು ಅಭಿನಂದಿಸುವ ನಿರ್ಣಯ ಬಂದಾಗ ಗಟ್ಟಿ ದನಿಯಲ್ಲಿ ವಿರುದ್ಧ ಮತ ಹಾಕಿದರು. ಸ್ವಲ್ಪ ಹೊತ್ತಿನಲ್ಲೇ ತಮ್ಮ ಜಾಗದಲ್ಲಿ ಕುಸಿದರು. ಸ್ಪೀಕರರ ಕೊಠಡಿಗೆ ಒಯ್ದು ಮಲಗಿಸಿದರು. ಎರಡು ದಿನಗಳ ಮೇಲೆ, ಫೆಬ್ರವರಿ 23ರಂದು, ಸಂಸತ್ ಭವನದಲ್ಲೇ ಕೊನೆಯುಸಿರೆಳೆದರು. ಆಗ ಅವರಿಗೆ 80 ವರ್ಷ. ಕ್ವಿನ್ಸಿ ಊರಿನ ಚರ್ಚಿನಲ್ಲಿ ತಂದೆತಾಯಿಯರ ಪಕ್ಕದಲ್ಲಿ, ಹೆಂಡತಿಯ ಜೊತೆಯಲ್ಲಿ, ಅವರ ಸಮಾಧಿಯಿದೆ.

ಆ ಸಭೆಯಲ್ಲಿ ಇಲಿನಾಯ್ ರಾಜ್ಯದಿಂದ ಹೊಸದಾಗಿ ಬಂದಿದ್ದ ಸದಸ್ಯರೊಬ್ಬರಿದ್ದರು. ಅಂತ್ಯಕ್ರಿಯೆಯ ಏರ್ಪಾಟಿನ ಸಮಿತಿಯಲ್ಲೂ ಇದ್ದರು. ಅವರ ಹೆಸರು ಅಬ್ರಹಾಂ ಲಿಂಕನ್. ಆಡಮ್ಸ್ 1831ರಲ್ಲಿ ಮಂಡಿಸಿದ ಆ 15 ಅರ್ಜಿಗಳು ಕೇಳಿದ್ದನ್ನು, ಅಂದರೆ ರಾಜಧಾನಿಯಲ್ಲಿ ಗುಲಾಮಗಿರಿಯ ನಿಷೇಧವನ್ನು, ಕಾಂಗ್ರೆಸ್ ಒಪ್ಪಿದ್ದು 1862ರ ಏಪ್ರಿಲಿನಲ್ಲಿ. ಆ ಕಾನೂನಿಗೆ ಸಹಿ ಹಾಕಿದ ಅಧ್ಯಕ್ಷರು ಲಿಂಕನ್. 1865ರಲ್ಲಿ ಇಡೀ ದೇಶದಲ್ಲೇ ಗುಲಾಮಗಿರಿ ಕೊನೆಗೊಂಡಿತು. ಅರ್ಜಿಗೆ ಸಹಿ ಹಾಕಿದ ಎಷ್ಟೋ ಜನ ಅಷ್ಟರಲ್ಲಿ ತೀರಿಕೊಂಡಿದ್ದರು.

ಜಾನ್ ಕ್ವಿನ್ಸಿ ಆಡಮ್ಸ್ ಅಧ್ಯಕ್ಷರಾಗಿದ್ದದ್ದು ನಾಲ್ಕು ವರ್ಷ. ಸಾಮಾನ್ಯ ಸದಸ್ಯರಾಗಿದ್ದದ್ದು ಹದಿನೇಳು ವರ್ಷ. ಜನ ಅವರನ್ನು ಹೆಚ್ಚಾಗಿ ನೆನೆಯುವುದು ಆ ಹದಿನೇಳು ವರ್ಷಗಳ ಕೆಲಸಕ್ಕಾಗಿ. ದೊಡ್ಡ ಕುರ್ಚಿ ಸಿಕ್ಕರೆ ದೊಡ್ಡ ಕೆಲಸ ಮಾಡುತ್ತೇವೆಂದು ಕಾಯುವವರು ಬಹಳ. ಸಿಕ್ಕ ಚಿಕ್ಕ ಜಾಗದಲ್ಲಿ ನಿಂತು, ಮತವಿಲ್ಲದವರ, ಮಾತಿಲ್ಲದವರ ಕಾಗದವನ್ನು ಕೈಯಲ್ಲಿ ಹಿಡಿದು, ಇದನ್ನು ಓದಲೇಬೇಕು ಎಂದು ಹೇಳುವವರು ಕಡಿಮೆ. ಈ ಶಾಲೆಯಲ್ಲಿ ಅಕ್ಷರ ಕಲಿತು ಇಂದು ಕಚೇರಿಗಳಲ್ಲಿ, ಪಂಚಾಯಿತಿಗಳಲ್ಲಿ, ತರಗತಿಗಳಲ್ಲಿ ಕೂತಿರುವ ನಮ್ಮ ಹಳೆಯ ವಿದ್ಯಾರ್ಥಿಗಳ ಮೇಜಿಗೂ ದಿನವೂ ಯಾರದಾದರೂ ಅರ್ಜಿ ಬರುತ್ತದೆ. ಅದನ್ನು ಪೂರ್ತಿ ಓದಿ ಉತ್ತರ ಕೊಟ್ಟರೆ, ಆ ಹಿರಿಯರ ಜೀವನವನ್ನು ಓದಿದ್ದು ಸಾರ್ಥಕ.